ಬೇಲಿಯೊಳಗಿನ ಜೇಕು

ಹಾಪ್ಲ್ಯಾಂಡ್, ಹೊಳೆದಂಡೆಯ ಮನೆ
ನವೆಂಬರ್ ಒಂಬತ್ತು

ನನ್ನ ಮುದ್ದು ಮರೀಸಾ,

ಹೇಗಿದ್ದೀಯೆ? ಕೆಮ್ಮು ನಿಂತಿತೇ? ಸಾಕ್ರಮೆಂಟೊದ ಆ ಕಚೇರಿಯಲ್ಲಿ ಹೊತ್ತಿಗೆ ಸರಿಯಾಗಿ ತಿನ್ನುತ್ತೀಯೋ ಇಲ್ಲವೋ. ನನ್ನ ಮಂಡಿನೋವು ಇದ್ದದ್ದೇ. ಆದರೆ ಇವತ್ತು ಮೈಯೆಲ್ಲ ಉರಿಯುತ್ತಿದೆ, ಜ್ವರದಿಂದಲ್ಲ.

ಬುಟ್ಟಿಗೆ ಬೇರು ಕೊಡುವ ನಮ್ಮ ಜೇಕಿನ ಪಾತಿಗೆ ಹೊಳೆ ಕಾಯುವ ಇಲಾಖೆಯವರು ಬೇಲಿ ಹಾಕಿ ಮೂರು ವರ್ಷವಾಯಿತಲ್ಲ, ಹೋದ ವಾರ ಫಲಕವನ್ನೂ ನೆಟ್ಟಿದ್ದಾರೆ. ‘ಕಾಡು ಜೇಕು. ಮನುಷ್ಯರ ಕೈ ತಾಗದ ನೆಲೆ.’ ಕೈ ತಾಗದ್ದಂತೆ! ನನ್ನ ಅಜ್ಜಿ, ಅವಳ ಅಜ್ಜಿ, ಎಲ್ಲರೂ ಕಲ್ಲು ಆರಿಸಿ, ಮಣ್ಣು ಸಡಿಲಿಸಿ, ಒಂದು ಬೇರು ಕಿತ್ತರೆ ಒಂದನ್ನು ಬಿಟ್ಟು ಸಾಕಿದ ಪಾತಿ ಅದು. ಕಾವಲಿನ ಹುಡುಗ “ಅಜ್ಜೀ, ಇದು ಕಾಡು ಗಿಡ, ಮುಟ್ಬಾರ್ದು” ಅಂದ. “ಕಾಡಲ್ಲಪ್ಪಾ, ಇದು ನಮ್ಮವ್ವನ ಹಿತ್ಲು” ಅಂದೆ. ಪಾಪ, ಟೋಪಿ ತೆಗೆದು ಕೈಯಲ್ಲಿ ಹಿಡಿದು ನಿಂತ. ಬೇಲಿ ಮಾತ್ರ ತೆಗೆಯಲಿಲ್ಲ.

ಸಂದಿಯಲ್ಲಿ ಕೈ ತೂರಿಸಿ ಒಂದು ಬೇರು ಎಳೆದೆ. ಎರಡು ಮೊಳ ನೆಟ್ಟಗೆ ಬರುತ್ತಿದ್ದದ್ದು ಈಗ ಗೇಣುದ್ದವಿಲ್ಲ, ಬರೀ ಗಂಟು. ಅಗೆಯದಿದ್ದರೆ ಬೇರು ಒಂದಕ್ಕೊಂದು ಸಿಕ್ಕಿಕೊಂಡು ಉಸಿರುಗಟ್ಟುತ್ತವೆ. ಬೇಲಿಯೇ ಎದ್ದು ಹೊಲ ಮೇಯ್ದ ಹಾಗಾಯಿತು.

ಜೂನ್‌ನಲ್ಲಿರುವ ನಿನ್ನ ಮದುವೆಗೆಂದು ಐನೆಜ್ ದೊಡ್ಡಜ್ಜಿ ಹೆಣೆಯುತ್ತಿರುವ ಬುಟ್ಟಿ ಬೇರಿಲ್ಲದೆ ನಾಲ್ಕು ಸುತ್ತು ಬಾಕಿ ನಿಂತಿದೆ. ಕೂಡಿಟ್ಟದ್ದೆಲ್ಲ ಮುಗಿಯಿತು. ಈಗ ಅಗೆದರೆ ಒಣಗಿ ಹದಕ್ಕೆ ಬರುವಷ್ಟರಲ್ಲಿ ಜೂನ್ ಬಂದೇಬಿಡುತ್ತದೆ. ಅವಳಿಗೆ ಎಂಬತ್ತಾರು. “ನಾ ಸತ್ರೂ ಬೇಲಿ ತೆಗ್ಯಲ್ಲ ಬಿಡೇ, ಆಗ ನನ್ನ ನರದಲ್ಲೇ ಹೆಣ್ಕೊ” ಅಂತ ನಗುತ್ತಾಳೆ. ನನಗೆ ನಗು ಬರುವುದಿಲ್ಲ, ಮಗಳೇ. ಅಳು ಬರುತ್ತದೆ.

ಓಕ್ ಕಾಯಿಯ ಹಿಟ್ಟು ಕಳಿಸಿದ್ದೇನೆ, ಗಂಜಿ ಮಾಡಿಕೋ. ಹೊಳೆ ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ ಅಜ್ಜಿ,
ವೆಲ್ಮಾ

ಮರೆತಿದ್ದೆ: ಫಲಕದ ತಳದಲ್ಲಿ, ಸಮೀಕ್ಷೆ ಮಾಡಿದವರು ಎಂಬಲ್ಲಿ, ಸಣ್ಣ ಅಕ್ಷರದಲ್ಲಿ ನಿನ್ನ ಹೆಸರಿದೆ. ಐನೆಜ್‌ಗೆ ಸಣ್ಣ ಅಕ್ಷರ ಕಾಣುವುದಿಲ್ಲ, ನಾನು ಓದಿ ಹೇಳಿಲ್ಲ. ಎಂಟು ವರ್ಷದವಳಿದ್ದಾಗ ನೀನು ಮೊದಲ ಬೇರು ಅಗೆದದ್ದು ಅಲ್ಲೇ. ಆ ಕೈಯೂ ಲೆಕ್ಕಕ್ಕಿಲ್ಲವೇ? ಬೇಲಿಯೊಳಗೆ ನೀರಿನಂಚಿನ ಮರಳಿನಲ್ಲಿ ಇನ್ನೂ ನಾಲ್ಕು ನೆಟ್ಟನೆಯ ಬೇರು ಸಿಕ್ಕಾವು. ಶನಿವಾರ ಬಾ. ನಿನ್ನ ಅಗೆಯುವ ಕೋಲು ಬಾಗಿಲ ಹಿಂದೆಯೇ ಇದೆ. ಬೇಲಿಯ ಬೀಗದ ಕೈ ನಿಮ್ಮ ಕಚೇರಿಯಿಂದ ನೀನು ತಾ.