ಅಗ್ಗದ ರೂಟ್ ಬಿಯರ್‌ಗಳಿಗೆ ನಾನು ಕೊಟ್ಟ ಅಂಕ

ಫೆಬ್ರವರಿ 11, ಮಂಗಳವಾರ, ಸಂಜೆ 4

ಏಳನೆಯ ಡಬ್ಬಿ. ಸೂಪರ್‌ಮಾರ್ಕೆಟ್‌ನ ಸ್ವಂತ ಲೇಬಲ್, ಎಲ್ಲಕ್ಕಿಂತ ಅಗ್ಗದ್ದು. ಹೆಸರಿಗೆ ಬಿಯರ್, ಕುಡಿದರೆ ಸೋಡಾ. ವೆನಿಲ್ಲಾ, ಜ್ಯೇಷ್ಠಮಧು, ಕೊನೆಗೆ ನೋವಿನ ಮುಲಾಮಿನಂಥ ಘಾಟು ಬರಬೇಕು. ಬಂತು ಅಂತ ಬರೆದೆ. ಹತ್ತಕ್ಕೆ ಆರು.

ಬಂದಿರಲಿಲ್ಲ. ಸಿಹಿ ಬಿಟ್ಟರೆ ಏನೂ ಇಲ್ಲ. ಜನವರಿಯ ಜ್ವರ ಹೋಗುವಾಗ ಮೂಗನ್ನೂ ಹೊತ್ತೊಯ್ದಿದೆ. ಇಪ್ಪತ್ತೆರಡು ವರ್ಷದಿಂದ ಚೀಸ್ ಪ್ಲಾಂಟ್‌ನಲ್ಲಿ ಮೂಸಿ ದರ್ಜೆ ಹಾಕುವವನು ನಾನು. ಮಾರ್ಚ್ ಮೂರಕ್ಕೆ ರಜೆ ಮುಗಿಯುತ್ತದೆ. ಅಷ್ಟರಲ್ಲಿ ಈ ಡಬ್ಬಿಗಳನ್ನು ಮೂಸಿ ಮೂಸಿ ಮೂಗನ್ನು ಮತ್ತೆ ಪಳಗಿಸಬೇಕು... ಭಯವಾಗುತ್ತಿದೆ.

ಫೆ. 14, ಶುಕ್ರವಾರ

ಕ್ಲಬ್‌ನಲ್ಲಿ ಶುಕ್ರವಾರದ ಕರಿದ ಮೀನು. ಪ್ಲಾಂಟ್‌ನ ಮೇಲಧಿಕಾರಿ ಲೀಲಂಡ್ ಪಕ್ಕದಲ್ಲೇ ಬಂದು ಕೂತ.

"ನೀನಿಲ್ದೆ ನಮಗೆ ಕೈಕಾಲೇ ಆಡ್ತಿಲ್ಲ ಕಣೋ ವರ್ಲಿನ್. ಒಂದು ರಾಶಿ ಚೆಡ್ಡರ್ ಚೀಸ್ ನಿನಗೋಸ್ಕರ ಹಾಗೇ ಇಟ್ಟಿದೀನಿ."

"ಬರ್ತೀನಿ, ಇರು" ಎಂದೆ. ಮೀನು ಹತ್ತಿ ಅಗಿದಂತಿತ್ತು. ಭೇಷ್ ಎನ್ನುತ್ತಾ ಮೂರು ತಟ್ಟೆ ತಿಂದೆ.

ಫೆ. 15

ಬೆಳಿಗ್ಗೆ 9, 11, ಮಧ್ಯಾಹ್ನ 2 — ಮೂರು ಡಬ್ಬಿ. ಐದು, ಐದು, ಐದು. ಕೂತಲ್ಲಿ ಕೂರಲಾಗುತ್ತಿಲ್ಲ. ಕಾಫಿ ಪುಡಿ, ಶೂ ಪಾಲಿಶ್, ನಾಯಿಯ ಕಿವಿ, ಎಲ್ಲ ಮೂಸಿದೆ. ನಾಯಿ ಎದ್ದು ಹೋಯಿತು.

ಫೆ. 21, ಶುಕ್ರವಾರ

ಆರ್ಡಿಸ್ ಮೂರು ಲೋಟ ತಂದಿಟ್ಟಳು. "ಎಲ್ಲಿ, ಡಬ್ಬಿ ನೋಡ್ದೆ ಅಂಕ ಕೊಡು."

ಹೆಂಡತಿಯ ಮುಂದೆ ಮರ್ಯಾದೆ ಬಿಡಲಾದೀತೇ? ಮೂಸಿದೆ, ಕಣ್ಣು ಮುಚ್ಚಿ ಬಾಯಲ್ಲಿ ಹೊರಳಿಸಿದೆ. ನಾಲ್ಕು, ಏಳು, ಎಂಟು.

"ಮೂರೂ ಒಂದೇ ಡಬ್ಬೀದು."

"ಅಗ್ಗದ್ದೆಲ್ಲ ಹಂಗೇ. ಗುಟುಕಿಗೊಂದು ರುಚಿ."

ಆಕೆ ನಗಲಿಲ್ಲ. "ಜನವರಿಯಿಂದ ನೋಡ್ತಿದೀನಿ. ಹಾಲು ಸೀದ ದಿನ ನೀನು ಒಲೆ ಪಕ್ಕಾನೇ ಪೇಪರ್ ಓದ್ತಾ ಕೂತಿದ್ದೆ. ನನ್ ಹತ್ರ ಸುಳ್ಳು ಹೇಳು, ಪರವಾಗಿಲ್ಲ. ಕೆಟ್ಟ ಚೀಸ್ ಸ್ಕೂಲ್ ಮಕ್ಕಳ ತಟ್ಟೆಗೆ ಹೋದ್ರೆ?"

ಸಿಟ್ಟು ಬಂತು. ಮೂರೂ ಲೋಟ ಸಿಂಕ್‌ಗೆ ಸುರಿದೆ. ನಾಚಿಕೆಯಾಯಿತು, ಅದಕ್ಕೇ ಸಿಟ್ಟು.

ಮಾರ್ಚ್ 3, ಸೋಮವಾರ, ಬೆಳಿಗ್ಗೆ 5:40

ಪ್ಲಾಂಟ್ ಎದುರು, ಕಾರಿನಲ್ಲಿ. ಹತ್ತು ದಿನ ಏನೂ ಬರೆದಿಲ್ಲ, ಏನೂ ಕುಡಿದಿಲ್ಲ. ಒಳಗೆ ಲೈಟು ಹತ್ತಿದೆ. ಲೀಲಂಡ್ ಬಾಗಿಲಲ್ಲಿ ನಿಂತು ಕೈ ಬೀಸುತ್ತಿದ್ದಾನೆ. ನಾನು ಮೂಸಲೆಂದು ಚೆಡ್ಡರ್ ಕೊರೆದಿಟ್ಟು ಕಾಯುತ್ತಿರಬೇಕು. ಮೂಸಿದಂತೆ ಮಾಡಿ 'ಒಂದನೇ ದರ್ಜೆ' ಎಂದುಬಿಟ್ಟರೆ ಆತ ನಂಬುತ್ತಾನೆ. ನಂಬುತ್ತಾನಲ್ಲ, ಅದೇ ಕಷ್ಟ.

ಹೇಳಬೇಕಾದ್ದನ್ನು ಮೊದಲು ಇಲ್ಲಿ ಬರೆದು ನೋಡುತ್ತೇನೆ. ಬರೆದರೆ ಬಾಯಿಗೂ ಬಂದೀತು.

ಲೀಲಂಡ್, ಜನವರಿಯಿಂದ ನನಗೆ ವಾಸನೆಯೇ...