ಇನ್ನೊಬ್ಬರ ಬೀಗ

ಜೂನ್ 4, ಬೆಳಿಗ್ಗೆ, ಬಸ್ಸಿನಲ್ಲಿ

ಸೀಟು ಸಿಕ್ಕಿತು, ಪುಣ್ಯ. ಇಂದಿನಿಂದ ಐದನೇ ಮಹಡಿ. ಹಳೆಯ ವೈರೆಲ್ಲ ಕಿತ್ತು ಹೊಸದು ಎಳೆಯುವುದು. ಅಪ್ರೆಂಟಿಸ್‌ಶಿಪ್ಪಿನ ನಾಲ್ಕನೇ ವರ್ಷ, ಕೊನೆಯದು. ಸೆಪ್ಟೆಂಬರಿನಲ್ಲಿ ಕೆಲಸ ಕಲಿಸುವ ಮೇಷ್ಟ್ರು ನನ್ನ ಲಾಗ್ ಬುಕ್ಕಿಗೆ ಸಹಿ ಹಾಕಿದರೆ ಪರೀಕ್ಷೆ, ಪರೀಕ್ಷೆ ಪಾಸಾದರೆ ಎಲೆಕ್ಟ್ರಿಷಿಯನ್ ಲೈಸೆನ್ಸ್. ಮೂವತ್ತೆಂಟನೇ ವಯಸ್ಸಿಗೆ. ಹದಿನಾಲ್ಕು ವರ್ಷ ಗಾರ್ಮೆಂಟ್ಸಿನಲ್ಲಿ ಕಾಲರ್ ಹೊಲಿದವಳು ನಾನು. ಸೈಟಿನಲ್ಲಿ ಈಗಲೂ ಟೇಲರಮ್ಮ ಎಂದೇ ಕರೆಯುತ್ತಾರೆ. ಕರೆಯಲಿ. ಲೈಸೆನ್ಸ್ ಬಂದ ದಿನ ಒಬ್ಬೊಬ್ಬರನ್ನೇ ವಿಚಾರಿಸಿಕೊಳ್ಳುತ್ತೇನೆ.

ಮೇಷ್ಟ್ರಿಗೂ ಅಡ್ಡಹೆಸರಿದೆ — ಟೆಸ್ಟರಪ್ಪ. ಜೇಬಿನಲ್ಲಿ ಟೆಸ್ಟರ್ ಇಲ್ಲದೆ ಮನೆಯಿಂದ ಹೊರಗೆ ಕಾಲಿಟ್ಟವರಲ್ಲ. ಮಗಳ ಮದುವೆಯಲ್ಲೂ ಹೊಸ ಅಂಗಿಯ ಜೇಬಿನಲ್ಲಿ ಇತ್ತು. ಫೋಟೋ ನೋಡಿದ್ದೇನೆ.

ಜೂನ್ 6, ಊಟದ ಹೊತ್ತು

ಮೊದಲ ವರ್ಷದವರು ಇವತ್ತು ಸೈಟ್ ನೋಡಲು ಬಂದಿದ್ದರು. ಮೇಷ್ಟ್ರ ಭಾಷಣ ಮತ್ತೆ ಅದೇ. ನನಗೆ ಬಾಯಿಪಾಠ. ಕೆಲಸಕ್ಕೆ ಇಳಿಯುವ ಮುಂಚೆ ಮೇನ್ ಸ್ವಿಚ್ ಆಫ್ ಮಾಡಿ ಅದಕ್ಕೆ ನಿನ್ನ ಬೀಗ ಹಾಕಬೇಕು. ಹತ್ತು ಜನ ಕೆಲಸ ಮಾಡಿದರೆ ಹತ್ತು ಬೀಗ. ಕೆಲಸ ಮುಗಿಸಿದವನು ತನ್ನದನ್ನು ತಾನೇ ತೆಗೆಯಬೇಕು. ಇನ್ನೊಬ್ಬರ ಬೀಗ ಮುಟ್ಟುವ ಹಾಗಿಲ್ಲ, ಕಟ್ಟಡದ ಯಜಮಾನನೇ ಬಂದರೂ. ಒಂದು ಬೀಗಕ್ಕೆ ಒಂದೇ ಕೀಲಿ. ಎರಡನೆಯದನ್ನು ಕೊಂಡ ದಿನವೇ ಮುರಿದು ಹಾಕಬೇಕು.

"ಈ ನಿಯಮ ಯಾರೂ ಪುಕ್ಸಟ್ಟೆ ಕೊಡ್ಲಿಲ್ಲ. ನನ್ನ ಜೊತೆಗಾರ ಮೇಲಿದ್ದ. ಕೆಳಗೆ ಯಾರೋ ಅವಸರ ಅಂತ ಅವನ ಬೀಗ ಒಡೆದ್ರು. ಯೂನಿಯನ್ನು ಹನ್ನೊಂದು ದಿನ ಕೆಲಸ ನಿಲ್ಲಿಸಿ ಇದನ್ನ ಬರೆಸ್ಕೊಂಡಿದ್ದು," ಎಂದರು. ಮುಂದಕ್ಕೆ ಹೇಳಲಿಲ್ಲ. ಯಾವಾಗಲೂ ಅಲ್ಲಿಗೇ ನಿಲ್ಲಿಸುತ್ತಾರೆ.

ಆಮೇಲೆ ಟೆಸ್ಟರ್ ಪಾಠ. ಮೊದಲು ಕರೆಂಟ್ ಇರುವ ಕಡೆ ಇಟ್ಟು ಟೆಸ್ಟರ್ ಸರಿಯಿದೆಯಾ ನೋಡು, ಆಮೇಲೆ ನಿನ್ನ ತಂತಿಗೆ ಇಡು, ಆಮೇಲೆ ಮತ್ತೆ ಕರೆಂಟ್ ಇರುವ ಕಡೆ. ಮೂರು ಸಲ. ಟೀ ಕುಡಿದು ಬಂದರೂ ಮತ್ತೆ ಮೂರು ಸಲ. ಅವರ ಜೊತೆ ಕೆಲಸ ಮಾಡಿದರೆ ಅರ್ಧ ದಿನ ಟೆಸ್ಟರ್ ಪೂಜೆಗೇ ಹೋಗುತ್ತದೆ ಎಂದೆ. ನಕ್ಕರು.

ಜೂನ್ 19, ಸಂಜೆ

ಮೇಷ್ಟ್ರು ಬೀಗ ತೆಗೆಯಲು ಮರೆತು ಮನೆಗೆ ಹೊರಟುಬಿಟ್ಟರು. ಮೇಷ್ಟ್ರು! ಬಸ್ ಸ್ಟಾಪಿಗೆ ಓಡಿಹೋಗಿ ಕರೆತಂದೆ. "ವಯಸ್ಸಾಯ್ತಲ್ಲಮ್ಮ," ಎಂದು ನಗುತ್ತಲೇ ಬಂದರು. ಆದರೆ ಕಿವಿ ಕೆಂಪಾಗಿತ್ತು.

ಜೂನ್ 27

ಮತ್ತೆ ಮರೆತರು. ಈ ಸಲ ನಗಲಿಲ್ಲ.

ಜುಲೈ 2, ಊಟದ ಹೊತ್ತು

ಮೆಟ್ಟಿಲ ಮೇಲೆ ಕೂತು ಊಟ ಮಾಡುತ್ತಿದ್ದೆವು. ಡಬ್ಬಿಯ ಮುಚ್ಚಳದಲ್ಲಿ ಏನೋ ಇಟ್ಟು ನನ್ನ ಕಡೆ ತಳ್ಳಿದರು. ಕೀಲಿ. ಅವರ ಬೀಗದ ಎರಡನೇ ಕೀಲಿ.

"ಇದನ್ನ ಮುರೀಬೇಕಲ್ವಾ ಮೇಷ್ಟ್ರೇ?"

"ಗೊತ್ತು. ಆ ನಿಯಮ ಬರೆದೋರಲ್ಲಿ ನಾನೂ ಒಬ್ಬ." ತುತ್ತು ನುಂಗಿದರು. "ಡಿಸೆಂಬರ್‌ಗೆ ನಿವೃತ್ತಿ. ಅಲ್ಲಿ ತನಕ ಇಟ್ಕೊ. ಆದ್ರೆ ತೆಗೆಯೋ ಮುಂಚೆ ನಂಗೆ ಫೋನ್ ಮಾಡ್ಬೇಕು. ನಾನು ಹೂಂ ಅಂದ ಮೇಲೇ ತೆಗೀಬೇಕು. ತಿಳೀತಾ?"

ತಿಳಿಯಿತು ಎಂದೆ. ಅವರು ನನ್ನ ಮುಖ ನೋಡಲಿಲ್ಲ, ನಾನೂ ಅವರದನ್ನು ನೋಡಲಿಲ್ಲ. ಗಾರ್ಮೆಂಟ್ಸಿನಿಂದ ಬಂದವಳನ್ನು ಯಾವ ಮೇಷ್ಟ್ರೂ ಒಪ್ಪಿಕೊಳ್ಳದೆ ಇದ್ದಾಗ, "ಸೂಜಿಗೆ ದಾರ ಪೋಣಿಸೋ ಕೈ ಇದು, ನನಗೆ ಬೇಕು," ಎಂದು ಕರೆದುಕೊಂಡವರು ಇವರು. ಒಂದು ಕೀಲಿ ಇಟ್ಟುಕೊಳ್ಳಲಾರೆನೇ?

ಜುಲೈ 10

ಮರೆತರು. ಫೋನ್ ಮಾಡಿದೆ. ಹಿಂದೆ ಅವರ ಹೆಂಡತಿ "ಯಾರ್ರೀ ಅದು?" ಎನ್ನುವುದು ಕೇಳಿಸಿತು. ಆಮೇಲೆ ತಗ್ಗಿದ ದನಿ — "ಹೂಂ... ತೆಗಿ." ನಾಲ್ಕು ವರ್ಷದಲ್ಲಿ ಅಷ್ಟು ಸಣ್ಣ ದನಿ ಕೇಳಿರಲಿಲ್ಲ.

ಜುಲೈ 21

ಮರೆತರು. ಈ ಸಲ ಫೋನ್ ಮಾಡಲಿಲ್ಲ. ಸುಮ್ಮನೆ ತೆಗೆದು, ಸೈಟಿನಲ್ಲೇ ಬಿಟ್ಟುಹೋಗುವ ಅವರ ಟೂಲ್ ಬ್ಯಾಗಿಗೆ ಹಾಕಿಟ್ಟೆ. ನೆಮ್ಮದಿಯಾಗಿ ಮಲಗಲಿ ಪಾಪ.

ಆಗಸ್ಟ್ 1, ಸಂಜೆ

ಇವತ್ತೂ ಹಾಗೇ. ತೆಗೆದು ಬ್ಯಾಗಿಗೆ ಹಾಕಿದೆ. ಮಧ್ಯಾಹ್ನ ತಾನೇ ಮೇಷ್ಟ್ರು ಖುಷಿಯಾಗಿ ಹೇಳಿದ್ದರು — "ಮೂರು ವಾರ ಆಯ್ತು, ಒಂದು ಸಲಾನೂ ಮರೆತಿಲ್ಲ ನೋಡು. ನಮ್ಮನೆಯವಳು ಡಾಕ್ಟ್ರು ಡಾಕ್ಟ್ರು ಅಂತ ಪ್ರಾಣ ತಿಂತಿದ್ಲು. ಬೇಡ ಅಂದೆ." ನಾನು ಹಲ್ಲು ಕಿರಿದೆ.

ಮನೆಯಲ್ಲಿ ನನ್ನ ಯಜಮಾನರಿಗೆ ಹೇಳಿದೆ. ಹೊಲಿಗೆ ಮಿಷಿನ್ ನಿಲ್ಲಿಸಿ ಕೇಳಿಸಿಕೊಂಡರು. "ಅವರಿಗೆ ವಾಸಿಯಾಯ್ತು ಅಂತ ನಂಬಿಸ್ತಿದ್ದೀಯಲ್ಲೇ," ಎಂದರು. ನಿಮಗೇನು ಗೊತ್ತು ಸೈಟಿನ ವಿಷಯ ಎಂದು ರೇಗಿದೆ. ಮತ್ತೆ ಮಿಷಿನ್ ಓಡಿಸಿದರು. ಇವರ ದೊಡ್ಡ ತೊಂದರೆ ಇದೇ, ಜಗಳಕ್ಕೂ ಬರುವುದಿಲ್ಲ.

ಆಗಸ್ಟ್ 12, ಸಂಜೆ 7

ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ.

ನಾಲ್ಕೂಮುಕ್ಕಾಲು. ಕೆಲಸ ಮುಗಿಸಿ ಕೆಳಗೆ ಬಂದು ಮೇನ್ ಸ್ವಿಚ್ಚಿನ ಪ್ಯಾನೆಲಿನಿಂದ ನನ್ನ ಬೀಗ ತೆಗೆದುಕೊಂಡೆ. ಮೇಷ್ಟ್ರು ಊಟದ ಬ್ಯಾಗ್ ಹೆಗಲಿಗೆ ಹಾಕಿಕೊಂಡು ಕೆಳಗೆ ಹೋದದ್ದನ್ನು ಕಣ್ಣಾರೆ ನೋಡಿದ್ದೆ. ಪ್ಯಾನೆಲಿನಲ್ಲಿ ಅವರ ಬೀಗ ಒಂದೇ. ಸೂಪರ್‌ವೈಸರ್ ಲಿಫ್ಟ್ ಟೆಸ್ಟಿಗೆ ಕರೆಂಟ್ ಬೇಕು ಎಂದು ಲಿಫ್ಟಿನ ಬಾಗಿಲಿನಿಂದ ಒಂದೇ ಸಮನೆ ಕೂಗುತ್ತಿದ್ದ. ಮತ್ತೆ ಮರೆತರಲ್ಲ ಎಂದುಕೊಂಡೆ. ಅವನ ಕಣ್ಣು ತಪ್ಪಿಸಿ ಬೀಗ ತೆಗೆದು ಜೇಬಿಗೆ ಹಾಕಿಕೊಂಡೆ. ಆಯಿತು ಎಂದೆ. ಅವನು ಬಂದು ಸ್ವಿಚ್ ಆನ್ ಮಾಡಿದ.

ಮೇಷ್ಟ್ರು ಹೋಗಿರಲಿಲ್ಲ. ಒಂದು ಜಾಯಿಂಟ್ ಸಡಿಲ ಬಿಟ್ಟಿದ್ದೇನೆ ಎಂದು ನೆನಪಾಗಿ ಹಿಂದಿನ ಮೆಟ್ಟಿಲಲ್ಲಿ ವಾಪಸ್ ಹತ್ತಿದ್ದರು. ಬೀಗ ಮರೆತಿರಲಿಲ್ಲ. ಬೇಕೆಂದೇ ಬಿಟ್ಟಿದ್ದರು.

ಐದು ಮಹಡಿ ಇಳಿದು ಬಂದರು. ಒಂದು ಕೈಯಲ್ಲಿ ಟೆಸ್ಟರ್. ಮುಖದಲ್ಲಿ ರಕ್ತವಿಲ್ಲ. ತಂತಿಗೆ ಕೈ ಹಾಕುವ ಮುಂಚೆ ಟೆಸ್ಟರ್ ಇಟ್ಟಿದ್ದಾರೆ, ದಿನವೂ ಇಡುವ ಹಾಗೆ. ಅದರ ದೀಪ ಹೊತ್ತಿದೆ. ಅಷ್ಟೇ. ಅದರಿಂದಲೇ ಬದುಕಿದ್ದಾರೆ ಅವರು.

ಬೈಯಲಿಲ್ಲ. "ನನ್ನ ಬೀಗ ಎಲ್ಲಮ್ಮ?" ಎಂದರು. ಜೇಬಿನಿಂದ ತೆಗೆದು ಕೊಟ್ಟೆ. ಕೀಲಿಯನ್ನೂ ಕೊಟ್ಟೆ. ಎರಡನ್ನೂ ತೆಗೆದುಕೊಂಡರು. "ಎಷ್ಟು ಸಲ?" ಎಂದರು. ಎರಡು ಸಲ ನಿಮಗೆ ಗೊತ್ತಿಲ್ಲದೆ, ಇದು ಮೂರನೆಯದು ಎಂದೆ. ತಲೆ ಆಡಿಸಿದರು. ಆ ಎರಡು ಸಲದ ಲೆಕ್ಕ ಕೇಳಿಯೇ ಅವರ ಭುಜಗಳು ಇಳಿದುಹೋದವು. ಸಾವಿನಿಂದ ತಪ್ಪಿಸಿಕೊಂಡು ಬಂದಾಗ ನೆಟ್ಟಗೇ ಇದ್ದವು.

ಆಗಸ್ಟ್ 14

ಮೇಷ್ಟ್ರು ಎರಡು ದಿನದಿಂದ ರಜೆ. ಸೂಪರ್‌ವೈಸರಿಗೆ ಏನೂ ಗೊತ್ತಿಲ್ಲ. ಯಾರಿಗೂ ಗೊತ್ತಿಲ್ಲ. ಊಟ ಸೇರುತ್ತಿಲ್ಲ.

ಸೆಪ್ಟೆಂಬರ್ 3, ಸಂಜೆ

ಲಾಗ್ ಬುಕ್ ಬಂತು. ಸಹಿ ಇಲ್ಲ.

ಅವರ ಗುಂಡು ಅಕ್ಷರದಲ್ಲಿ ಒಂದೇ ಸಾಲು — "ಇನ್ನೊಬ್ಬರ ಬೀಗ ತೆಗೆದಿದ್ದಾರೆ. ಇನ್ನೂ ಒಂದು ವರ್ಷ ಕಲಿಯಬೇಕು."

ಯಾರ ಬೀಗ? ಯಾಕೆ ತೆಗೆದೆ? ಅದನ್ನೂ ಬರೆಯಬೇಕಿತ್ತಲ್ಲ! ಎರಡು ತಿಂಗಳು ಅವರ ಮಾನ ಕಾಪಾಡಿದವಳು ನಾನು. ನನ್ನ ಜೊತೆಯವರು ಆರೂ ಜನ ಪರೀಕ್ಷೆಗೆ ಕೂರುತ್ತಾರೆ. ನಾನು ಮತ್ತೆ ಅಪ್ರೆಂಟಿಸ್. ಬಸ್ಸಿನಲ್ಲಿ ಅತ್ತೆ. ಪಕ್ಕದಲ್ಲಿದ್ದ ಹೆಂಗಸು ಜಾಗ ಬಿಟ್ಟು ಕೂತಳು.

ಯೂನಿಯನ್ನಿಗೆ ಅಪೀಲು ಹಾಕಬಹುದಂತೆ. ಭಾನುವಾರ ಸಭೆ.

ಸೆಪ್ಟೆಂಬರ್ 5

ಅಪೀಲು ಬರೆದೆ. ಕಾರಣ ಎಂಬ ಜಾಗದಲ್ಲಿ ನಿಂತೆ. ಕಾರಣ ಬರೆದರೆ ಮೇಷ್ಟ್ರ ಮರೆವು ಊರಿಗೆಲ್ಲ ಗೊತ್ತಾಗುತ್ತದೆ. ಮೂವತ್ತಾರು ವರ್ಷದ ಹೆಸರು. ಇವರು ಕತ್ತರಿ ಹಿಡಿದು ನೋಡುತ್ತಿದ್ದರು. ಹರಿದು ಹಾಕಿದೆ.

ಸೆಪ್ಟೆಂಬರ್ 7, ಭಾನುವಾರ, ಮಧ್ಯಾಹ್ನ

ಯೂನಿಯನ್ ಹಾಲಿನಲ್ಲಿ ಹಿಂದಿನ ಸಾಲಿನಲ್ಲಿ ಕೂತಿದ್ದೆ. ನಮ್ಮ ಕಾರ್ಯದರ್ಶಿ ಯಾರು ಬಾಯಿ ತೆರೆದರೂ "ಪಾಯಿಂಟ್ ಆಫ್ ಆರ್ಡರ್" ಎಂದು ನಿಯಮದ ತಕರಾರು ತೆಗೆದು ಎದ್ದು ನಿಲ್ಲುತ್ತಾರೆ, ಆದ್ದರಿಂದ ಅವರ ಹೆಸರೂ ಅದೇ. ವರದಿ ಮುಗಿಯಿತು. ಮೇಷ್ಟ್ರು ಎದ್ದರು. ಜೇಬಿನಿಂದ ಮಡಿಸಿದ ಹಾಳೆ ತೆಗೆದರು.

"ಬರ್ಕೊಂಡು ಬಂದಿದೀನಿ. ಮರೀತೀನಿ, ಅದಕ್ಕೆ," ಎಂದರು. ಯಾರೋ ನಕ್ಕರು. ತಮಾಷೆ ಎಂದುಕೊಂಡಿದ್ದರು.

ಎಲ್ಲ ಓದಿದರು. ಬೀಗ ಮರೆತದ್ದು, ಎರಡನೇ ಕೀಲಿ ಇಟ್ಟುಕೊಂಡದ್ದು, ನನ್ನ ಕೈಗೆ ಕೊಟ್ಟದ್ದು. "ನಂಗೆ ಗೊತ್ತಿದ್ದು ಮೂರು ಸಲ ಮರೆತೆ. ಗೊತ್ತಿಲ್ದೆ ಎರಡು ಸಲ. ನಿಯಮ ಮೊದಲು ಮುರಿದೋನು ನಾನು. ವೈರಿಂಗ್ ಕೆಲಸದಿಂದ ನನ್ನನ್ನ ತೆಗೀಬೇಕು. ಇವತ್ತಿಂದ."

ಪಾಯಿಂಟ್ ಆಫ್ ಆರ್ಡರ್ ಎದ್ದರು. ಬಾಯಿ ತೆರೆದರು. ಹಾಗೇ ಕೂತರು.

ಮೇಷ್ಟ್ರು ಹಾಳೆ ಮಡಿಸಿದರು. ಇನ್ನುಳಿದದ್ದು ಬರೆದುಕೊಂಡಿರಲಿಲ್ಲ. "ಆ ಹುಡುಗಿ ಮೇಲೆ ಯಾರೂ ಬೆರಳು ತೋರಿಸ್ಬಾರ್ದು. ಅವಳಷ್ಟು ಚೊಕ್ಕ ಕೆಲಸ ನಾನೂ ಮಾಡಲ್ಲ. ಆದ್ರೆ ನಂಗೆ ಅವಮಾನ ಆಗ್ಬಾರ್ದು ಅಂತ ಫೋನ್ ಮಾಡ್ಲಿಲ್ಲ ಅವಳು. ನನ್ನ ಜೀವಕ್ಕಿಂತ ನನ್ನ ಮರ್ಯಾದೆ ದೊಡ್ಡದು ಅನ್ಕೊಂಡ್ಲು. ಪ್ರೀತಿಯಿಂದಾನೇ ಮಾಡಿದ್ದು. ಅದಕ್ಕೇ ಇನ್ನೊಂದು ವರ್ಷ. ನಾಳೆ ಇವಳ ಕೆಳಗೂ ಹುಡುಗರು ಬರ್ತಾರೆ, ಅವರ ಮೇಲೂ ಪ್ರೀತಿ ಇರುತ್ತೆ."

ಮೂವತ್ತೆಂಟಕ್ಕೆ ಹುಡುಗಿ. ಸೆರಗಿನಿಂದ ಮುಖ ಮುಚ್ಚಿಕೊಂಡೆ. ಮುಂದಿನ ಸಾಲಿನವರು ಒಬ್ಬೊಬ್ಬರೇ ಎದ್ದು ಅವರ ಕೈ ಹಿಡಿದುಕೊಂಡರು. ತರಬೇತಿ ಕೇಂದ್ರದಲ್ಲಿ ಶನಿವಾರದ ಪಾಠ ಅವರಿಗೇ ಎಂದು ಠರಾವು ಆಯಿತು. ನನಗೆ ಬೇರೆ ಮೇಷ್ಟ್ರು, ಒಂದು ವರ್ಷ. ನಾನೂ ಕೈ ಎತ್ತಿದೆ, ಒಪ್ಪಿಗೆಗೆ.

ಸೆಪ್ಟೆಂಬರ್ 20

ಮೇಷ್ಟ್ರ ಮನೆಗೆ ಹೋಗಿದ್ದೆ. ಅವರ ಹೆಂಡತಿ, ನಾನು ಅಕ್ಕ ಎನ್ನುವುದು, ಬಾಗಿಲಲ್ಲೇ ನನ್ನನ್ನು ಅಪ್ಪಿಕೊಂಡರು. "ಡಾಕ್ಟ್ರ ಹತ್ರ ಬಂದ್ರು ಕಣಮ್ಮ, ಕೊನೆಗೂ. ಮೊದಲೇ ಬಂದಿದ್ರೆ ಚೆನ್ನಾಗಿತ್ತಂತೆ. ಆದ್ರೂ ಮಾತ್ರೆ ಕೊಟ್ಟಿದಾರೆ." ಮೊದಲೇ. ಆ ಮಾತು ನನಗೇ ಬಂದು ತಾಗಿತು. ಅಕ್ಕ ಬೇಕೆಂದು ಹೇಳಿದ್ದಲ್ಲ.

"ಕೋಪ ಇದೆಯಾ?" ಎಂದರು ಮೇಷ್ಟ್ರು.

"ಇದೆ."

"ಇರ್ಲಿ ಬಿಡು. ಟೀ ಕುಡಿ."

ಫೆಬ್ರವರಿ 7, ಶನಿವಾರ

ಪಾಠಕ್ಕೆ ಹೋಗಿ ಕೊನೆಯ ಬೆಂಚಿನಲ್ಲಿ ಕೂತೆ. ಬೀಗದ ಪಾಠ ಒಂದೇ ಗಂಟೆಯಲ್ಲಿ ಎರಡು ಸಲ ಹೇಳಿದರು. ಯಾರೂ ಕಮಕ್ ಕಿಮಕ್ ಎನ್ನಲಿಲ್ಲ. ಎರಡನೇ ಸಲವೂ ಬರೆದುಕೊಂಡರು, ಒಳ್ಳೆಯ ಮಕ್ಕಳು. ಜೊತೆಗಾರ ಮೇಲಿದ್ದ ಎನ್ನುವಲ್ಲಿ ಎರಡು ಸಲವೂ ನಿಲ್ಲಿಸಿದರು.

ಸೆಪ್ಟೆಂಬರ್ 8

ಹೊಸ ಮೇಷ್ಟ್ರು ಸಹಿ ಹಾಕಿದರು. ಲಾಗ್ ಬುಕ್ಕನ್ನು ಇವರು ಹೊಲಿಯುವ ಟೇಬಲ್ಲಿನ ಮೇಲಿಟ್ಟೆ. ಓದಿ, ಒರೆಸಿ, ಹಿಂದಕ್ಕೆ ಕೊಟ್ಟರು. "ಈಗ ಸೈಟಿನ ವಿಷಯ ನಂಗೂ ಸ್ವಲ್ಪ ಗೊತ್ತು," ಎಂದರು. ಒಂದು ವರ್ಷ ಕಾದು ಚುಚ್ಚಿದರು ನೋಡಿ, ಟೇಲರ್.

ಸೆಪ್ಟೆಂಬರ್ 16, ಬೆಳಿಗ್ಗೆ 9.20, ಪರೀಕ್ಷಾ ಕೊಠಡಿಯ ಹೊರಗೆ

ನನಗಿಂತ ಮುಂಚೆ ಇಬ್ಬರಿದ್ದಾರೆ. ಮೇಷ್ಟ್ರು ಪಕ್ಕದಲ್ಲಿ, ಬೆಂಚಿನ ಮೇಲೆ. ಬರುತ್ತೇನೆ ಎಂದು ಬೆಳಿಗ್ಗೆ ಐದಕ್ಕೇ ಎದ್ದು ಕೂತಿದ್ದರಂತೆ. ಅಕ್ಕ ಆಟೋದಲ್ಲಿ ಕರೆತಂದು ಬಿಟ್ಟು ಔಷಧದ ಅಂಗಡಿಗೆ ಹೋಗಿದ್ದಾರೆ. ಏನು ಬರೀತಿದ್ದೀಯ ಎಂದರು. ಕೈ ನಡುಗಬಾರದು ಅಂತ ಎಂದೆ.

ಆಮೇಲೆ, "ನಿನ್ನ ಜೊತೆಯವರೆಲ್ಲ ಹೋದ ವರ್ಷಾನೇ ಲೈಸೆನ್ಸ್ ತಗೊಂಡ್ರಲ್ಲ. ನೀನ್ಯಾಕೆ ಈಗ?" ಎಂದರು.

ಮುಖ ನೋಡಿದೆ. ತಮಾಷೆಯಲ್ಲ. ನಿಜವಾಗಿ ಕೇಳುತ್ತಿದ್ದಾರೆ.

"ಸಹಿ ಸಿಗ್ಲಿಲ್ಲ ಮೇಷ್ಟ್ರೇ."

"ಯಾವನವನು ಹಾಕ್ದೇ ಇದ್ದೋನು?" ಸಿಟ್ಟು ಬಂದಿತ್ತು, ನನ್ನ ಪರವಾಗಿ. ಎದ್ದುಹೋಗಿ ಅವನನ್ನು ಹಿಡಿದುಕೊಂಡು ಬರುವವರ ಹಾಗೆ ಬೆಂಚಿನ ಅಂಚು ಹಿಡಿದರು.

ಏನೋ ತೊಡಕಾಯಿತು ಎಂದುಬಿಡಬಹುದಿತ್ತು. ನಾಲಿಗೆಯ ತುದಿಗೇ ಬಂದಿತ್ತು. ನುಂಗಿಕೊಂಡೆ.

"ನೀವೇ ಮೇಷ್ಟ್ರೇ. ನಿಮ್ಮನ್ನ ಕೇಳ್ದೆ ನಿಮ್ಮ ಬೀಗ ತೆಗೆದಿದ್ದೆ. ನೀವು ಮೇಲಿದ್ರಿ."

ಬಾಗಿಲು ತೆರೆಯಿತು, ಒಬ್ಬ ಒಳಗೆ ಹೋದ, ಮುಚ್ಚಿತು. ಹೇಳಬಾರದಿತ್ತೇನೋ ಎಂದು ಜೀವ ಹಿಡಿಯಾಗಿ ಕೂತಿದ್ದೆ.

"ಹಾಗಿದ್ರೆ ಸರಿಯಾಗೇ ಮಾಡಿದೀನಿ," ಎಂದರು.

"ಹೂಂ. ಸರಿಯಾಗೇ ಮಾಡಿದ್ರಿ."

"ಈಗ ಬೀಗ ಉಳಿದಿದ್ರೆ ಏನ್ಮಾಡ್ತೀಯ?"

"ಫೋನ್ ಮಾಡ್ತೀನಿ."

"ನಾನು ಎತ್ತದೆ ಹೋದ್ರೆ?"

"ಎಲ್ಲಿದ್ರೂ ಹುಡುಕ್ಕೊಂಡು ಬರ್ತೀನಿ. ನಿಮ್ಮ ಮುಖ ನೋಡೋ ತನಕ ಮುಟ್ಟಲ್ಲ."

ನನ್ನ ಎಡಗೈ ತೆಗೆದುಕೊಂಡು ತಮ್ಮ ಮಂಡಿಯ ಮೇಲೆ ಇಟ್ಟುಕೊಂಡಿದ್ದಾರೆ. ಬಲಗೈಯಲ್ಲಿ ಇದನ್ನು ಬರೆಯುತ್ತಿದ್ದೇನೆ. ಇನ್ನೊಬ್ಬನೂ ಹೋದ. ಒಳಗಿನಿಂದ ನನ್ನ ನಂಬರ್ ಕೂಗಿದರು. ಏಳಬೇಕು, ಮೇಷ್ಟ್ರು ಕೈ ಇನ್ನೂ ಬಿಟ್ಟಿಲ್ಲ.