ಅತ್ತೆ ಎದ್ದು ನಿಂತರು

ಫೆಬ್ರವರಿ 9, ಭಾನುವಾರ

ಸಭೆಯಲ್ಲಿ ನಾನೇಕೆ ಬಾಯಿ ಬಿಡಲಿಲ್ಲ ಎಂಬುದು ಇನ್ನೂ ಕೊರೆಯುತ್ತಿದೆ.

ದೊಡ್ಡಬಳ್ಳಾಪುರದ ಸಂಗೀತ ಕಚೇರಿಯಲ್ಲಿ ಗಾಯಕಿ ನಾನು ರಚಿಸಿದ ಬಿಲಹರಿ ರಾಗದ ಕೃತಿಯನ್ನೇ ಹಾಡಿದರು. ನನ್ನ ಶಿಷ್ಯೆಯರಿಂದ ಕಲಿತಿರಬೇಕು. ಚೆನ್ನಾಗಿಯೇ ಹಾಡಿ, ಕೊನೆಗೆ “ಯಾರದೋ ಹಳೆಯ ರಚನೆ” ಎಂದುಬಿಟ್ಟರು. ನಾನು ತಲೆ ತಗ್ಗಿಸಿದೆ. ಪಕ್ಕದಲ್ಲಿದ್ದ ಅತ್ತೆ ಎದ್ದು ನಿಂತರು.

“ಯಾರದೋ ಅಲ್ಲ ಕಣಮ್ಮ, ನನ್ ಸೊಸೆ ಅಕ್ಷತ ಕಟ್ಟಿದ್ದು. ಮೂರು ತಿಂಗ್ಳು ಒಲೆ ಮುಂದೆ ಗುನುಗ್ತಿದ್ಲು, ನಾನೇ ಕೇಳಿವ್ನಿ.”

ಗಾಯಕಿ ಕ್ಷಮೆ ಕೇಳಿದರು. ಮೈಕಿನಲ್ಲಿ ನನ್ನ ಹೆಸರು ಹೇಳಿ ಚರಣವನ್ನು ಮತ್ತೆ ಹಾಡಿದರು. ನನಗೆ ಕಣ್ಣೀರು ತಡೆಯಲಾಗಲಿಲ್ಲ.

ಮದುವೆಯಾದ ಹೊಸದರಲ್ಲಿ ನನ್ನ ತಂಬೂರಿಯನ್ನು ಅಟ್ಟಕ್ಕೆ ಹಾಕಿಸಿದವರೂ ಇದೇ ಅತ್ತೆ.

ಬಸ್ಸಿನಲ್ಲಿ, “ಅಷ್ಟು ಜನರ ಮುಂದೆ ಹೇಗೆ ಎದ್ರಿ ಅತ್ತೆ?” ಎಂದು ಕೇಳಿದೆ.

“ನೀನು ಏಳ್ಲಿಲ್ವಲ್ಲ, ಅದಕ್ಕೆ.”

ದೇವನಹಳ್ಳಿ ಬರುವವರೆಗೂ ಅವರ ಕೈ ಹಿಡಿದೇ ಕೂತಿದ್ದೆ. ಅವರೂ ಬಿಡಿಸಿಕೊಳ್ಳಲಿಲ್ಲ. ಇಷ್ಟು ವರ್ಷ ಅಡುಗೆಮನೆಯಲ್ಲಿ ಅವರು ಸುಮ್ಮನೆ ಕೇಳುತ್ತಲೇ ಇದ್ದರಲ್ಲ, ನಾನು ಒಮ್ಮೆಯಾದರೂ ತಿರುಗಿ ನೋಡಿದ್ದೆನೆ?